ಇಲಿ ಬಿದ್ದ ಸುದ್ದಿ ಯಾರು ಹೇಳಬೇಕು?

(ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮತ್ತು ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ 'ಸಾಂಕ್ರಾಮಿಕ ರೋಗಗಳ ಸರ್ವೇಕ್ಷಣೆ' ಅಂತ ಇದೆ. ಹೆಸರು ನೋಡಿ ಅರ್ಧ ಜನ ಬರಲ್ಲ ಅಂದುಕೊಂಡಿದ್ದೆ. ಬಂದಿದ್ದೀರಿ, ಸಂತೋಷ. ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಮಾತಾಡುತ್ತೇನೆ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಜ್ಜಿ ತಾತಂದಿರು ಪ್ಲೇಗಿನ ಕಾಲದ ಮಾತು ಹೇಳಿರಬಹುದು. ಮನೆಯಲ್ಲಿ ಇಲಿ ಬಿತ್ತು ಅಂದರೆ ಸಾಕು, ಪಾತ್ರೆ ಪಡಗ, ದನಕರು ಕಟ್ಟಿಕೊಂಡು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಮೇಲೆ ಎಷ್ಟೋ ವರ್ಷ ಹಳೇ ಮೈಸೂರಿನ ಊರುಗಳಲ್ಲಿ ಅದು ಬರುತ್ತಾ ಹೋಗುತ್ತಾ ಇತ್ತು. ಬ್ಯಾಕ್ಟೀರಿಯಾ ಅಂದರೆ ಏನು ಅಂತ ಆ ಜನಕ್ಕೆ ಗೊತ್ತಿರಲಿಲ್ಲ. ಆದರೂ ಅವರು ಮಾಡಿದ್ದು ಸರಿಯಾಗಿತ್ತು. ಇಲಿ ಸತ್ತ ಮೇಲೆ ಅದರ ಮೈಮೇಲಿದ್ದ ಚಿಗಟಗಳಿಗೆ ಬೇರೆ ಬಿಸಿ ಮೈ ಬೇಕು. ಹತ್ತಿರ ಇರೋದು ಮನುಷ್ಯನ ಮೈ. ಇಲಿ ಬಿದ್ದದ್ದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ನಡುವೆ ಕೆಲವು ದಿನ ಸಿಗುತ್ತವೆ. ಆ ದಿನಗಳಲ್ಲೇ ಅವರು ಜಾಗ ಖಾಲಿ ಮಾಡುತ್ತಿದ್ದರು.

ಸರ್ವೇಕ್ಷಣೆ ಅಂದರೆ ಇಷ್ಟೇ. ದೊಡ್ಡದು ಬರುವ ಮೊದಲು ಒಂದು ಸಣ್ಣ ಗುರುತು ಕಾಣುತ್ತದೆ. ಅದನ್ನು ಯಾರೋ ನೋಡಬೇಕು, ನೋಡಿದವರು ಹೇಳಬೇಕು, ಕೇಳಿಸಿಕೊಂಡವರು ಏನಾದರೂ ಮಾಡಬೇಕು. ಮೂರರಲ್ಲಿ ಕಷ್ಟದ್ದು ನಡುವಿನದು, ಹೇಳೋದು. ಇವತ್ತು ನಾನು ಜಾಸ್ತಿ ಮಾತಾಡೋದು ಅದರ ಬಗ್ಗೆಯೇ.

ಇಲಿಯ ಕಥೆ ಹಳೇದಾಯಿತು. ನಮ್ಮ ಮಲೆನಾಡಿನ ಕಥೆಗೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ ಕೂಡ ಆಗುತ್ತಿತ್ತು. ಹಳ್ಳಿಯವರು ಎರಡನ್ನೂ ಸೇರಿಸಿ ನೋಡಿ 'ಮಂಗನ ಕಾಯಿಲೆ' ಅಂತ ಕರೆದರು. ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು, ಯಾಕಂದರೆ ದಕ್ಷಿಣ ಅಮೆರಿಕದಲ್ಲಿ ಆ ಜ್ವರಕ್ಕೂ ಮಂಗಗಳು ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಪೂರ್ತಿ ಹೊಸ ವೈರಸ್. ಹರಡುವುದು ಉಣುಗಿನಿಂದ. ಇವತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ರೋಗಕ್ಕೆ ನಮ್ಮ ಕ್ಯಾಸನೂರಿನ ಹೆಸರೇ ಇದೆ. ಹೆಮ್ಮೆಪಡುವ ವಿಷಯ ಅಲ್ಲ ಬಿಡಿ.

ಇಲ್ಲೂ ಲೆಕ್ಕ ಇಲಿಯದ್ದೇ. ಸತ್ತ ಮಂಗದ ಮೈ ತಣ್ಣಗಾದ ಮೇಲೆ ಉಣುಗು ಕೆಳಗೆ ಉದುರುತ್ತವೆ. ಸೌದೆಗೆ, ದರಗಿಗೆ ಹೋದವರ ಕಾಲಿಗೆ ಹತ್ತುತ್ತವೆ, ದನ ಮೇಯಿಸುವವರಿಗೆ ಹತ್ತುತ್ತವೆ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ. ಹಾಗಾಗಿ ಡಿಸೆಂಬರಿನಿಂದ ಮೇ ತನಕ ಮಲೆನಾಡಿನಲ್ಲಿ ಒಂದು ಮಂಗ ಸತ್ತು ಬಿದ್ದರೆ ಅದು ದೊಡ್ಡ ಸುದ್ದಿ. ಕೆಂಪು ಮೂತಿಯದ್ದಾಗಲಿ, ಮುಸಿಯವಾಗಲಿ. ಮುಟ್ಟಬೇಡಿ, ಎಳೆದು ಹಾಕಬೇಡಿ, ಪುಣ್ಯದ ಕೆಲಸ ಅಂತ ಹೊತ್ತುಕೊಂಡು ಹೋಗಿ ಹೂಳಲೂ ಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಆ ದಿನವೇ ತಿಳಿಸಿ. ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಸುತ್ತಲಿನ ಜಾಗಕ್ಕೆ ಔಷಧಿ ಹಾಕುತ್ತಾರೆ, ಆ ಕಡೆ ಸೌದೆಗೆ ಹೋಗಬೇಡಿ ಅಂತ ಊರಿಗೆ ಹೇಳುತ್ತಾರೆ. 2018ರ ಡಿಸೆಂಬರ್ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಎದ್ದು ಹಲವರ ಜೀವ ತೆಗೆಯಿತು. ಆಮೇಲೆ ಮಂಗ ಸತ್ತರೆ ಫೋನ್ ಮಾಡುವುದು ಆ ಕಡೆಯ ಜನಕ್ಕೆ ರೂಢಿಯಾಗಿದೆ. ಅಷ್ಟು ಬೆಲೆ ತೆತ್ತ ಮೇಲೆ ಬಂದ ರೂಢಿ.

ಈಗ ಸರ್ಕಾರದ ವ್ಯವಸ್ಥೆಯ ಬಗ್ಗೆ ಎರಡು ಮಾತು. ಇದನ್ನು ಬೇಗ ಮುಗಿಸುತ್ತೇನೆ. 2004ರಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಶುರುವಾಯಿತು, ಐ.ಡಿ.ಎಸ್.ಪಿ. ಅಂತ ಕರೀತಾರೆ. ಅದರಲ್ಲಿ ಮೂರು ಫಾರಂ. ಎಸ್, ಪಿ, ಎಲ್. ಎಸ್ ಅನ್ನು ಆರೋಗ್ಯ ಕಾರ್ಯಕರ್ತರು ತುಂಬುತ್ತಾರೆ: ಜ್ವರ ಎಷ್ಟು, ಭೇದಿ ಎಷ್ಟು, ಕಾಮಾಲೆ ಎಷ್ಟು ಅಂತ. ಲಕ್ಷಣ ಮಾತ್ರ, ರೋಗದ ಹೆಸರು ಬೇಕಿಲ್ಲ. ಪಿ ವೈದ್ಯರದ್ದು, ಅವರು ಇಂಥ ರೋಗ ಇರಬಹುದು ಅಂತ ಬರೆಯುತ್ತಾರೆ. ಎಲ್ ಲ್ಯಾಬಿನದ್ದು, ಅಲ್ಲಿ ಖಚಿತ ಆಗಬೇಕು. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು. 2018ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ, 2021ರಿಂದ ದೇಶದ ಎಲ್ಲ ಕಡೆ, ಐ.ಎಚ್.ಐ.ಪಿ. ಅನ್ನುವ ಆನ್‌ಲೈನ್ ವ್ಯವಸ್ಥೆ ಬಂತು. ಈಗ ಮೊಬೈಲ್‌ನಲ್ಲೇ ದಿನದ ದಿನ ಹಾಕಬಹುದು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಎಸ್ ಫಾರಂ. ಯಾಕೆ ಗೊತ್ತಾ? ಅದು ಗೊತ್ತಿಲ್ಲದೇ ಇರೋದನ್ನೂ ಹೇಳಲು ಬಿಡುತ್ತದೆ. ಒಬ್ಬ ಕಾರ್ಯಕರ್ತೆ 'ಕೆಳಗಿನ ಕೇರಿಯಲ್ಲಿ ನಾಲ್ಕು ಮನೆಯಲ್ಲಿ ಭೇದಿ' ಅಂತ ಬರೆದರೆ ಸಾಕು. ಅದು ಕಾಲರಾನಾ, ಊಟದ್ದಾ, ನೀರಿನದ್ದಾ ಅಂತ ತೀರ್ಮಾನ ಮಾಡುವ ಭಾರ ಅವರ ಮೇಲಿಲ್ಲ. ಲ್ಯಾಬ್ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕಾದು ಕೂತರೆ ನಾಲ್ಕು ಮನೆ ನಲವತ್ತು ಮನೆ ಆಗಿರುತ್ತದೆ.

ಸೊನ್ನೆಯ ವಿಷಯವೂ ಹೇಳಬೇಕು. ಪೋಲಿಯೊ ಹುಡುಕಾಟದಲ್ಲಿ ನಮಗೆ ಕಲಿಸಿದ್ದು ಇದು. ಹದಿನೈದು ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋತರೆ, ಕಾರಣ ಏನೇ ಇರಲಿ, ವರದಿ ಮಾಡಬೇಕು, ಮಲದ ಎರಡು ಮಾದರಿ ಕಳಿಸಬೇಕು. ಪೋಲಿಯೊ ಇಲ್ಲದ ಜಾಗದಲ್ಲೂ ಬೇರೆ ಬೇರೆ ಕಾರಣಕ್ಕೆ ಹೀಗೆ ಆಗುತ್ತಲೇ ಇರುತ್ತದೆ. ಆ ವಯಸ್ಸಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಂದಾದರೂ ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದು ಜಿಲ್ಲೆ ವರ್ಷಪೂರ್ತಿ 'ನಮ್ಮಲ್ಲಿ ಒಂದೂ ಇಲ್ಲ' ಅಂದರೆ ಯಾರೂ ಶಭಾಷ್ ಅನ್ನುತ್ತಿರಲಿಲ್ಲ. ಹುಡುಕುತ್ತಿಲ್ಲ ಅಂತ ಬೈಸಿಕೊಳ್ಳುತ್ತಿದ್ದರು. ಹೀಗೆ ಹುಡುಕಿ ಹುಡುಕಿಯೇ ನಾವು 2011ರ ಜನವರಿಯ ಆ ಕೊನೆಯ ಕೇಸ್ ತಲುಪಿದ್ದು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆ ಆಯಿತು.

ಇದನ್ನು ಭೇದಿಗೆ, ಜ್ವರಕ್ಕೆ ಹೊಂದಿಸಿ ನೋಡಿ. ಮಳೆಗಾಲದಲ್ಲಿ ಒಂದು ಆರೋಗ್ಯ ಕೇಂದ್ರ ವಾರಗಟ್ಟಲೆ ಭೇದಿ ಸೊನ್ನೆ ಅಂತ ಕಳಿಸಿದರೆ ಅದು ಒಳ್ಳೆಯ ಸುದ್ದಿಯಲ್ಲ. ಅಲ್ಲಿ ಹುಡುಕುವವರು ಇಲ್ಲ ಅಂತ ಅರ್ಥ. ಆದರೆ ಮೀಟಿಂಗ್‌ಗಳಲ್ಲಿ ಇವತ್ತಿಗೂ ಜಾಸ್ತಿ ಕೇಸ್ ಬರೆದ ಡಾಕ್ಟರನ್ನೇ ಎಬ್ಬಿಸಿ ಕೇಳ್ತಾರೆ, 'ನಿಮ್ಮಲ್ಲೇ ಯಾಕ್ರೀ ಇಷ್ಟು?' ಅಂತ. ಮುಂದಿನ ವಾರ ಆತ ಕಮ್ಮಿ ಬರೀತಾನೆ. ಅಷ್ಟೇ.

ಸರಿ, ಊಟಕ್ಕೆ ಬರೋಣ. ಇಲ್ಲಿ ಅಡುಗೆಯವರು ಜಾಸ್ತಿ ಇದ್ದೀರಿ, ಇದೇ ನಿಮಗೆ ಬೇಕಾದ ಭಾಗ.

ಒಂದೇ ಊಟ ಉಂಡ ಇಬ್ಬರಿಗೆ ಒಂದೇ ಥರ ಕಾಯಿಲೆ ಆದರೆ ನಮ್ಮ ಲೆಕ್ಕದಲ್ಲಿ ಅದು ಆಗಲೇ ತನಿಖೆ ಮಾಡಬೇಕಾದ ಘಟನೆ. ಇನ್ನೂರು ಜನ ಬೀಳುವ ತನಕ ಕಾಯಬೇಕಿಲ್ಲ. ನಾವು ಹೋದ ತಕ್ಷಣ ಕೇಳುವ ಮೊದಲ ಪ್ರಶ್ನೆ 'ಏನು ತಿಂದಿರಿ' ಅಲ್ಲ. 'ಎಷ್ಟು ಹೊತ್ತಿಗೆ ತಿಂದಿರಿ, ಎಷ್ಟು ಹೊತ್ತಿಗೆ ಶುರುವಾಯಿತು' ಅನ್ನುವುದು. ಆ ನಡುವಿನ ಹೊತ್ತೇ ಅರ್ಧ ಉತ್ತರ ಹೇಳಿಬಿಡುತ್ತದೆ.

ತಿಂದು ಕೆಲವು ನಿಮಿಷಕ್ಕೆ, ಅರ್ಧ ಗಂಟೆಗೆ ಶುರುವಾದರೆ ಮೊದಲು ಅನುಮಾನ ಪಡಬೇಕಾದ್ದು ವಿಷ, ಮುಖ್ಯವಾಗಿ ಕೀಟನಾಶಕ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಉಸಿರಾಡಲು ಕಷ್ಟ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿರುತ್ತದೆ. ಒಂದರಿಂದ ಆರು ಗಂಟೆಯೊಳಗೆ, ಜ್ವರ ಇಲ್ಲದೆ ಬರೀ ವಾಂತಿಯೇ ಜಾಸ್ತಿ ಅಂದರೆ ಬ್ಯಾಕ್ಟೀರಿಯಾ ಆಹಾರದಲ್ಲೇ ಮೊದಲು ಮಾಡಿಟ್ಟ ನಂಜು. ಅಡುಗೆಯವರ ಕೈಯಲ್ಲಿ ಕೀವಾದ ಗಾಯ ಇದ್ದರೆ ಸ್ಟ್ಯಾಫಿಲೊಕಾಕಸ್, ಅನ್ನ ಬೇಯಿಸಿ ಹಾಗೇ ಇಟ್ಟಿದ್ದರೆ ಬ್ಯಾಸಿಲಸ್ ಸೀರಿಯಸ್. ಅರ್ಧ ದಿನ, ಒಂದು ದಿನ, ಎರಡು ದಿನ ಬಿಟ್ಟು ಜ್ವರದ ಜೊತೆ ಹೊಟ್ಟೆನೋವು, ಭೇದಿ ಅಂದರೆ ಸಾಲ್ಮೊನೆಲ್ಲಾದ ಥರದ್ದು. ಕಾಲರಾ ಕೆಲವು ಗಂಟೆಯಿಂದ ಐದು ದಿನ. ಟೈಫಾಯಿಡ್ ಒಂದರಿಂದ ಮೂರು ವಾರ. ನೀರಿನಿಂದ ಬರುವ ಕಾಮಾಲೆ ಇದೆಯಲ್ಲ, ಹೆಪಟೈಟಿಸ್ ಎ, ಅದು ಹದಿನೈದರಿಂದ ಐವತ್ತು ದಿನ ಒಳಗೇ ಕೂತಿರುತ್ತದೆ. ಕಾಮಾಲೆ ಕಾಣುವ ಹೊತ್ತಿಗೆ ಜಾತ್ರೆ ಮುಗಿದಿರುತ್ತದೆ, ಒಡೆದ ಪೈಪ್ ರಿಪೇರಿ ಆಗಿರುತ್ತದೆ, ಎಲ್ಲರಿಗೂ ಮರೆತೂ ಹೋಗಿರುತ್ತದೆ.

ವಿಷದ ವಿಷಯಕ್ಕೆ ಎರಡು ಘಟನೆ ನೆನಪಿಸುತ್ತೇನೆ, ಎರಡೂ ನಿಮಗೆ ಗೊತ್ತಿರುವುದೇ. 2018ರ ಡಿಸೆಂಬರ್ 14, ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿ. ಗೋಪುರದ ಶಂಕುಸ್ಥಾಪನೆಗೆ ಬಂದವರಿಗೆ ಪ್ರಸಾದ ಕೊಟ್ಟರು. ತಿಂದ ಸ್ವಲ್ಪ ಹೊತ್ತಿಗೇ ಜನ ಬೀಳತೊಡಗಿದರು. ಆ ಅನ್ನ ತಿಂದ ಕಾಗೆಗಳೂ ಸತ್ತವು. ಒಟ್ಟು 17 ಜನ ಹೋದರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿ ಕೀಟನಾಶಕ ಇತ್ತು. ಇನ್ನೊಂದು ಬಿಹಾರದ ಸಾರಣ್ ಜಿಲ್ಲೆಯದ್ದು, 2013ರ ಜುಲೈ 16. ಶಾಲೆಯ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸೇರಿತ್ತು. ಎಣ್ಣೆಯ ವಾಸನೆ ಸರಿ ಇಲ್ಲ ಅಂತ ಅಡುಗೆಯವರು ಮೊದಲೇ ಹೇಳಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಒಗ್ಗರಣೆ ಹಾಕುವಾಗ ಮೊದಲು ವಾಸನೆ ಬರೋದು ನಿಮ್ಮ ಮೂಗಿಗೆ. ನಮ್ಮ ಯಾವ ಯಂತ್ರವೂ ಅಷ್ಟು ಬೇಗ ಹೇಳಲ್ಲ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅನ್ನುವ ನಿಯಮ ಇದೆ. ಕೆಲವು ಕಡೆ ರುಚಿ ನೋಡದೆ ರಿಜಿಸ್ಟರ್‌ನಲ್ಲಿ ಸಹಿ ಮಾತ್ರ ಬೀಳುತ್ತದೆ ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು. ಮೇಷ್ಟ್ರುಗಳು ತಲೆ ಕೆಳಗೆ ಹಾಕಬೇಡಿ. ರುಚಿ ನೋಡಿ, ಅರ್ಧ ಗಂಟೆ ಬಿಟ್ಟು ಬಡಿಸಲು ಹೇಳಿ. ಆ ಅರ್ಧ ಗಂಟೆಯಲ್ಲೇ ಅರ್ಥ ಇರೋದು. ರುಚಿ ನೋಡಿದ ಬೆನ್ನಿಗೇ ಬಡಿಸಿದರೆ ಮೇಷ್ಟ್ರಿಗೂ ಮಕ್ಕಳಿಗೂ ಒಟ್ಟಿಗೇ ಗೊತ್ತಾಗುತ್ತದೆ.

ಈಗ ಒಂದು ಲೆಕ್ಕ. ಪಾಠಕ್ಕೆ ಅಂತ ನಾನೇ ಕಟ್ಟಿದ್ದು, ಯಾವ ಊರಿನ ಮದುವೆಯೂ ಅಲ್ಲ.

ಛತ್ರದಲ್ಲಿ ಮದುವೆ. ಬೆಳಿಗ್ಗೆ ಎಂಟಕ್ಕೆ ತಿಂಡಿ: ಇಡ್ಲಿ, ವಡೆ, ವಾಂಗಿಬಾತ್, ಕೇಸರಿಬಾತ್, ಕಾಫಿ. ಹನ್ನೊಂದರ ಮುಹೂರ್ತದ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹಿತ್ತಿಲ ಕಡೆ ಓಡುತ್ತಿದ್ದಾರೆ. ವಾಂತಿ. ಸಂಜೆಯೊಳಗೆ ನಾವು 120 ಜನರನ್ನು ಮಾತಾಡಿಸಿದೆವು ಅಂತಿಟ್ಟುಕೊಳ್ಳಿ. ಅವರಲ್ಲಿ 48 ಜನಕ್ಕೆ ಕಾಯಿಲೆ. ಎಲ್ಲರೂ ಹೇಳ್ತಾರೆ, 'ಹಾಲು ಕೆಟ್ಟಿತ್ತು ಸಾರ್, ಕಾಫಿಯಿಂದಲೇ ಆಗಿದ್ದು.' ಕಾಯಿಲೆಯಾದವರನ್ನು ಮಾತ್ರ ಕೇಳಿದರೆ ಅದು ನಿಜ ಅನ್ನಿಸುತ್ತದೆ, ಯಾಕಂದರೆ 48ರಲ್ಲಿ 46 ಜನ ಕಾಫಿ ಕುಡಿದಿದ್ದಾರೆ. ವಾಂಗಿಬಾತ್ ತಿಂದವರು 44 ಜನ ಮಾತ್ರ. ಕಾಫಿಯೇ ಮುಂದೆ, ಅಲ್ವಾ?

ಈಗ ಚೆನ್ನಾಗಿರುವವರನ್ನೂ ಕೇಳಿ. ಇದನ್ನು ಯಾರೂ ಮಾಡಲ್ಲ. ಚೆನ್ನಾಗಿದ್ದೀರಲ್ಲ, ಮನೆಗೆ ಹೋಗಿ ಅಂತ ಕಳಿಸಿಬಿಡುತ್ತಾರೆ. 120 ಜನರಲ್ಲಿ ಕಾಫಿ ಕುಡಿದವರು 115. ಅವರಲ್ಲಿ 46 ಜನಕ್ಕೆ ಕಾಯಿಲೆ, ಅಂದರೆ ನೂರಕ್ಕೆ 40. ಕಾಫಿ ಮುಟ್ಟದವರು ಐದೇ ಜನ, ಅವರಲ್ಲಿ ಇಬ್ಬರಿಗೆ ಕಾಯಿಲೆ. ಅದೂ ನೂರಕ್ಕೆ 40. ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕಾಫಿ ಪಾಪ ಏನೂ ಮಾಡಿಲ್ಲ. ಇನ್ನು ವಾಂಗಿಬಾತ್ ತಿಂದವರು 80, ಅವರಲ್ಲಿ 44 ಜನಕ್ಕೆ ಕಾಯಿಲೆ, ನೂರಕ್ಕೆ 55. ತಿನ್ನದವರು 40, ಅವರಲ್ಲಿ ನಾಲ್ವರಿಗೆ ಮಾತ್ರ, ನೂರಕ್ಕೆ 10. ಕಳ್ಳ ಸಿಕ್ಕಿದ.

ಆ ನಾಲ್ವರು ಯಾಕೆ ಅಂತ ಕೇಳಬಹುದು. ಒಬ್ಬರು ಮಗುವಿನ ಎಲೆಯಿಂದ ಎರಡು ತುತ್ತು ತಿಂದು ಮರೆತಿರುತ್ತಾರೆ. ಇನ್ನೊಬ್ಬರಿಗೆ ಬೇರೆ ಏನೋ ಹೊಟ್ಟೆ ತೊಂದರೆ. ಲೆಕ್ಕ ಯಾವತ್ತೂ ನೂರಕ್ಕೆ ನೂರು ಕೂಡಿಬರಲ್ಲ. ಕೂಡಿಬಂದರೆ ಬರೆದವರ ಮೇಲೆ ನನಗೆ ಅನುಮಾನ.

ಆಮೇಲೆ ಅಡುಗೆ ಭಟ್ಟರನ್ನು ಕೂರಿಸಿಕೊಂಡು ಸಮಾಧಾನವಾಗಿ ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: ಬೆಳಿಗ್ಗೆ ಅವಸರ ಆಗುತ್ತದೆ ಅಂತ ರಾತ್ರಿ ಹತ್ತಕ್ಕೇ ಅನ್ನ ಮಾಡಿ, ದೊಡ್ಡ ಕೊಳಗದಲ್ಲೇ ಮುಚ್ಚಿಟ್ಟರು. ಮೂವತ್ತು ಕೆ.ಜಿ. ಅಕ್ಕಿಯ ಅನ್ನದ ನಡುಭಾಗ ಬೆಳಗಿನ ತನಕ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿದ್ದ ಬ್ಯಾಸಿಲಸ್‌ನ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಆ ಬೆಚ್ಚಗಿನಲ್ಲಿ ಮೊಳೆತು, ಬೆಳೆದು, ನಂಜು ಬಿಡುತ್ತವೆ. ಬೆಳಿಗ್ಗೆ ಬಿಸಿ ಬಿಸಿ ಗೊಜ್ಜು ಕಲಸಿದರೂ ಆ ನಂಜು ಹೋಗುವುದಿಲ್ಲ. ಭಟ್ಟರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ ತಣ್ಣಗೆ ಇಟ್ಟಿದ್ದರೆ, ಇಲ್ಲಾ ನಾಲ್ಕು ಗಂಟೆಗೆ ಎದ್ದು ಮಾಡಿದ್ದರೆ, ಮುಹೂರ್ತ ಚೆನ್ನಾಗಿ ನಡೆಯುತ್ತಿತ್ತು.

ಲೆಕ್ಕ ದಾರಿ ತೋರಿಸುತ್ತದೆ, ಆದರೆ ಖಚಿತ ಮಾಡಲು ಬಡಿಸಿದ ಊಟದ ಮಾದರಿ ಬೇಕು. ಅದಕ್ಕೇ ಹೇಳೋದು, ಮಾದರಿ ಎತ್ತಿಡಿ ಅಂತ. ನಾವು ಹೋದಾಗ ಅದು ಸಿಗುವುದೇ ಇಲ್ಲ. ಒಂದು ಹಾಸ್ಟೆಲಿಗೆ ನಮ್ಮ ತಂಡ ಹೋಗುವಷ್ಟರಲ್ಲಿ ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದರು. ಉಳಿದ ಸಾಂಬಾರನ್ನು ಚರಂಡಿಗೆ ಚೆಲ್ಲಿ ಮೇಲೆ ನಾಲ್ಕು ಕೊಡ ನೀರು ಹೊಯ್ದಿದ್ದರು. ಮಕ್ಕಳು ಅಲ್ಲೇ ಚಾಪೆಯ ಮೇಲೆ ಮುದುಡಿ ಮಲಗಿದ್ದರು. ಯಾಕೆ ತೊಳೆದಿರಿ ಅಂತ ಕೇಳಿದೆ. ಅಡುಗೆಯ ಹೆಂಗಸು ಮಾತಾಡಲಿಲ್ಲ. ಪಕ್ಕದಲ್ಲಿದ್ದ ಹುಡುಗ ಹೇಳಿದ, 'ಸಾಹೇಬ್ರು ಬರ್ತಾರೆ, ಗಲೀಜು ಇರಬಾರದು ಅಂತ ಫೋನ್ ಬಂತು ಸಾರ್.' ಮಾರನೆಯ ದಿನ ಆ ಹೆಂಗಸನ್ನು ಕೆಲಸದಿಂದ ತೆಗೆದರು. ತೆಗೆದದ್ದು ಯಾವ ತಪ್ಪಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ, ಯಾಕಂದರೆ ಏನಾಗಿತ್ತು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲಿನವರು ಬಳಸುತ್ತಿದ್ದ ಬಾವಿ ನೀರನ್ನು ಅಲ್ಲಿಯತನಕ ಯಾರೂ ನೋಡಿಯೂ ಇರಲಿಲ್ಲ.

ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಕಾಯಿಲೆ ಯಾಕೆ ಬಂತು ಅನ್ನುವ ತನಿಖೆ ಬೇರೆ, ತಪ್ಪು ಯಾರದ್ದು ಅನ್ನುವ ತನಿಖೆ ಬೇರೆ. ಎರಡನ್ನೂ ಒಂದೇ ಜೀಪಿನಲ್ಲಿ ಕರೆತಂದರೆ ಮೊದಲನೆಯದು ಸಾಯುತ್ತದೆ. ಯಾರೋ ಬೇಕೆಂದೇ ವಿಷ ಹಾಕಿದ್ದರೆ ಪೊಲೀಸರು ಬರಲಿ, ಬರಲೇಬೇಕು. ಆದರೆ ಹತ್ತು ಮಕ್ಕಳಿಗೆ ವಾಂತಿ ಆದ ತಕ್ಷಣ ಅಡುಗೆಯವರನ್ನು ಅಮಾನತು ಮಾಡಿ ಪತ್ರಿಕೆಗೆ ಫೋಟೊ ಕೊಟ್ಟರೆ, ಮುಂದಿನ ಸಲ ಆ ತಾಲ್ಲೂಕಿನಲ್ಲಿ ಯಾವ ಅಡುಗೆಯವರೂ ಬಾಯಿ ಬಿಡಲ್ಲ.

ಡಾಕ್ಟರುಗಳದ್ದೂ ಇದೇ ಕಥೆ. ಆಹಾರದಿಂದ ವಿಷಬಾಧೆ ಆದ ಕೇಸ್‌ಗಳನ್ನು ವೈದ್ಯರು ತಿಳಿಸಲೇಬೇಕು ಅಂತ ಅಧಿಸೂಚನೆ ಹೊರಡಿಸಲು 2006ರ ಆಹಾರ ಸುರಕ್ಷತಾ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಕಾನೂನು ಪುಸ್ತಕದಲ್ಲಿದೆ. ಊರಿನ ಕ್ಲಿನಿಕ್‌ನಲ್ಲಿ ಏನಾಗುತ್ತದೆ ಅಂದರೆ, ಒಂದೇ ಬೀದಿಯ ಆರು ಜನ ಬಂದು ಡ್ರಿಪ್ ಹಾಕಿಸಿಕೊಂಡು ಹೋಗುತ್ತಾರೆ. ಡಾಕ್ಟರಿಗೆ ಅನುಮಾನ ಬಂದಿರುತ್ತದೆ. 'ಹೇಳಿದರೆ ನಾಳೆ ನನ್ನ ಕ್ಲಿನಿಕ್ಕಿಗೇ ಇನ್‌ಸ್ಪೆಕ್ಷನ್' ಅಂತ ಸುಮ್ನೆ ಇರುತ್ತಾರೆ. ಸರ್ಕಾರಿ ಕಡೆಯವರಿಗೆ ಕಾಲರಾ ಅಂತ ಬರೆಯಲು ಕೈ ಬರಲ್ಲ. ಲ್ಯಾಬ್ ಹೇಳಿದ ಮೇಲೂ 'ವಾಂತಿಭೇದಿ ಪ್ರಕರಣ' ಅಂತಲೇ ಹೋಗುತ್ತದೆ. ಈ ಹೆದರಿಕೆಗೆ ಅರ್ಥವೂ ಇದೆ, ಬರೆದವರಿಗೆ ಆದ ಗತಿ ಅವರು ನೋಡಿರುತ್ತಾರೆ.

ನೀರಿನ ವಿಷಯ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಎರಡು ಕಡೆಯೂ ಕಲುಷಿತ ನೀರು ಕುಡಿದು ಜನ ಸತ್ತರು. ನಮ್ಮ ಊರುಗಳಲ್ಲಿ ನಲ್ಲಿ ನೀರು ಬರೋದು ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಒಡೆದ ಜಾಗದಲ್ಲಿ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದ ಮೇಲೆ ಪೈಪ್ ಖಾಲಿ. ಆಗ ಅದೇ ಒಡಕಿನಿಂದ ಚರಂಡಿ ನೀರು ಒಳಗೆ ಹೋಗುತ್ತದೆ. ಮುಂದಿನ ಸಲ ಬಿಟ್ಟಾಗ ಮೊದಲ ಕೊಡದಲ್ಲಿ ಅದೇ ಬರುತ್ತದೆ. ನಿಮ್ಮ ಬೀದಿಯ ವಾಲ್ವ್ ಗುಂಡಿ ನೋಡಿ. ಎಷ್ಟೋ ಕಡೆ ಅದು ಚರಂಡಿ ಪಕ್ಕದಲ್ಲೇ ಇದೆ, ಮುಚ್ಚಳ ಇಲ್ಲ, ಒಳಗೆ ಕಪ್ಪು ನೀರು ನಿಂತಿದೆ.

ಇದು ಮೊದಲು ಗೊತ್ತಾಗೋದು ನೀರುಗಂಟಿಗೆ. ಯಾವ ಗುಂಡಿಯಲ್ಲಿ ಕೈ ಹಾಕಿದರೆ ವಾಸನೆ ಬರುತ್ತದೆ ಅಂತ ಅವನಿಗೆ ಗೊತ್ತು. ಪಂಚಾಯಿತಿ ಮೀಟಿಂಗ್‌ಗೆ ಅವನನ್ನು ಕರೆಯುವುದು ಸಂಬಳದ ಜಗಳಕ್ಕೆ ಮಾತ್ರ. ಎರಡನೆಯವರು ಮೆಡಿಕಲ್ ಶಾಪಿನವರು. ಒಂದೇ ದಿನ ಓ.ಆರ್.ಎಸ್. ಪಾಕೆಟ್ ಪೂರ್ತಿ ಖಾಲಿ ಆದರೆ, ಭೇದಿ ಮಾತ್ರೆ ಕೇಳಿಕೊಂಡು ಒಂದೇ ಕೇರಿಯವರು ಬಂದರೆ, ನಮ್ಮ ಯಾವ ಪೋರ್ಟಲ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಮೂರನೆಯವರು ಮೇಷ್ಟ್ರು. ಸೋಮವಾರ ಐದನೇ ಕ್ಲಾಸಿನಲ್ಲಿ ಎಂಟು ಮಕ್ಕಳು ಗೈರು, ಎಂಟೂ ಒಂದೇ ಹಟ್ಟಿಯವರು. ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಸರ್ವೇಕ್ಷಣಾ ದಾಖಲೆ ನಾನು ನೋಡಿಲ್ಲ. ಆ ಎಂಟರಲ್ಲಿ ಕುರಿ ಕಾಯಲು ಹೋದವರೂ ಇರಬಹುದು, ಕೇಳಿದರೆ ಗೊತ್ತಾಗುತ್ತದೆ.

ಭೇದಿ ಎದ್ದಿದೆ ಅಂತ ಅನುಮಾನ ಬಂದರೆ ರೋಗಿಗೆ ಆಂಟಿಬಯೋಟಿಕ್ ಕೊಡುವ ಮೊದಲು ಮಲದ ಮಾದರಿ ತೆಗೆದು ಲ್ಯಾಬ್ ತಲುಪುವ ತನಕ ರೋಗಾಣುವನ್ನು ಉಳಿಸುವ ಕ್ಯಾರಿ ಬ್ಲೇರ್ ಅನ್ನುವ ಮಾಧ್ಯಮದಲ್ಲಿ ಕಳಿಸಬೇಕು. ಅಂಗಡಿಯಿಂದ ತಂದ ಎರಡು ಡೋಸ್ ಮಾತ್ರೆ ನುಂಗಿ ಬಂದವರಲ್ಲಿ ಕಾಲರಾ ರೋಗಾಣು ಸಿಗೋದು ಕಷ್ಟ. ಓ.ಆರ್.ಎಸ್. ಕುಡಿಸುವುದಕ್ಕೆ ಮಾತ್ರ ಯಾವುದಕ್ಕೂ ಕಾಯಬೇಡಿ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಆಶಾ ಕಾರ್ಯಕರ್ತೆ ಎದ್ದು, 'ಸಾರ್, ನಾವು ಫೋನ್ ಮಾಡಿದ್ರೆ ಸುಮ್ನೆ ಗಾಬರಿ ಹುಟ್ಟಿಸ್ತೀಯಾ ಅಂತ ಬೈತಾರೆ. ಬಂದು ನೋಡಿದಾಗ ಏನೂ ಇಲ್ಲದಿದ್ರೆ?' ಎಂದರು. ಏನೂ ಇಲ್ಲದಿದ್ದರೆ ಒಳ್ಳೆಯದೇ ಆಯಿತಲ್ಲಮ್ಮ, ಅಂದೆ. ಸಭೆ ನಕ್ಕಿತು, ಅವರು ನಗಲಿಲ್ಲ. ನ್ಯಾಯವೇ. ಆಶಾ ಒಬ್ಬರಿಗೆ ಸುಮಾರು ಸಾವಿರ ಜನರ ಊರು, ಕೈಗೆ ಬರುವುದು ಗೌರವಧನ, ಅದರ ಮೇಲೆ ಬೈಗುಳ. ಅವರಿಗೆ ನಾನು ಕೊಟ್ಟ ಉತ್ತರ: ಫೋನ್ ಮಾಡುವಾಗ 'ಕಾಲರಾ ಬಂದಿದೆ' ಅನ್ನಬೇಡಿ. 'ನಿನ್ನೆ ಸಂಜೆಯಿಂದ ಮೂರು ಮನೆಯಲ್ಲಿ ಐದು ಜನಕ್ಕೆ ಭೇದಿ, ಅದರಲ್ಲಿ ಇಬ್ಬರು ಮಕ್ಕಳು, ಮೂರೂ ಮನೆಯವರು ಒಂದೇ ಬೋರಿನ ನೀರು ಕುಡಿಯೋದು' ಅನ್ನಿ. ದಿನ, ಜಾಗ, ಎಷ್ಟು ಜನ. ಹೀಗೆ ಹೇಳಿದವರನ್ನು ಬೈಯುವುದು ಅಷ್ಟು ಸುಲಭ ಅಲ್ಲ. ಅದನ್ನೇ ವಾಟ್ಸಾಪ್‌ನಲ್ಲೂ ಬರೆದು ಹಾಕಿ, ಹೇಳಿದ್ದಕ್ಕೆ ಗುರುತು ಉಳಿಯುತ್ತದೆ. ಆರೋಗ್ಯ ಕೇಂದ್ರದವರು ಫೋನ್ ಎತ್ತದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಮಾಡಿ.

ಪಂಚಾಯಿತಿ ಸದಸ್ಯರೊಬ್ಬರು ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅಂತ ಕೇಳಿದರು. ಒಳ್ಳೆಯ ಪೌಡರ್ ಆದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಐವತ್ತು ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ. ಬಕೆಟ್‌ನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿಸಿ, ಒಂದು ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷೆ ಮಾಡಿಸಿ. ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿರಬೇಕು. ನಿಮ್ಮ ಪಂಚಾಯಿತಿ ಕೋಣೆಯಲ್ಲಿ ವರ್ಷದಿಂದ ಬಾಯಿ ತೆರೆದ ಚೀಲ ಇದೆಯಲ್ಲ, ಅದು ಈಗ ಬರೀ ಸುಣ್ಣ. ಕ್ಲೋರಿನ್ ಎಂದೋ ಹಾರಿಹೋಗಿದೆ. ಅವರು, 'ನಮ್ಮ ಕೋಣೆ ಯಾವಾಗ ನೋಡಿದ್ರಿ ಸಾರ್?' ಅಂದರು. ನೋಡಿಲ್ಲ, ಎಲ್ಲ ಕಡೆಯೂ ಇರುತ್ತದೆ ಅಂದೆ.

ಕೊನೆಗೆ ಮದುವೆ ಅಡುಗೆ ಕಾಂಟ್ರ್ಯಾಕ್ಟ್ ತೆಗೆದುಕೊಳ್ಳುವವರೊಬ್ಬರು, ಹೊರಗಿನಿಂದ ಬಂದು ಹಿಂದೆ ನಿಂತಿದ್ದವರು, 'ಮಾದರಿ ಎತ್ತಿಡಿ ಅಂದ್ರಲ್ಲ, ಅದು ನಮಗೇ ಉರುಳಾಗಲ್ವಾ?' ಅಂತ ಕೇಳಿದರು. ಇಡೀ ದಿನದಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದು. ಆಗಬಹುದು, ಅಂದೆ. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಮದುವೆಗೆ ಬಂದವರು ದಾರಿಯಲ್ಲಿ ಹೋಟೆಲಿನಲ್ಲಿ ತಿಂದಿರುತ್ತಾರೆ, ಛತ್ರದ ಟ್ಯಾಂಕಿನ ನೀರು ಕುಡಿದಿರುತ್ತಾರೆ, ಹೊರಗಿನಿಂದ ತಂದ ಐಸ್‌ಕ್ರೀಂ ತಿಂದಿರುತ್ತಾರೆ. ಏನಾದರೂ ಆದರೆ ಹೆಸರು ಬರುವುದು ನಿಮ್ಮದೇ. ಮಾದರಿ ಇಲ್ಲದಿದ್ದರೆ ನಿಮ್ಮ ವಾಂಗಿಬಾತ್ ಚೆನ್ನಾಗಿತ್ತು ಅಂತ ಸಾಬೀತು ಮಾಡಲು ನಿಮ್ಮ ಹತ್ತಿರ ಏನಿದೆ? ಪ್ರತಿ ಪದಾರ್ಥದಿಂದ ಒಂದೊಂದು ಸೌಟು, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಮುಚ್ಚಳದ ಡಬ್ಬಿಗೆ. ಕೈ ಹಾಕಬಾರದು, ಬಡಿಸುವ ಪಾತ್ರೆಯಿಂದಲೇ ತೆಗೆಯಬೇಕು. ಮೇಲೆ ಪದಾರ್ಥದ ಹೆಸರು, ದಿನ, ಹೊತ್ತು ಬರೆದು ಫ್ರಿಜ್ಜಿನಲ್ಲಿಡಿ. ಎರಡು ದಿನ ಆದ ಮೇಲೆ ಚೆಲ್ಲಿ. ಅವರು, 'ಹೋಳಿಗೆದೂ ಇಡಬೇಕಾ?' ಅಂದರು. ಹೋಳಿಗೆಯದ್ದೂ ಇಡಿ, ಅದರ ಜೊತೆ ಬಡಿಸುವ ಹಾಲಿನದನ್ನು ಮರೆಯಬೇಡಿ ಅಂದೆ.